ವಿಭೂತಿ ಹಚ್ಚಿದ ರೌಟರ್

ಬಾಗಿಲು ತೆಗೆದ ಅಜ್ಜ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದರು. ಅಲ್ಲಿ ನನ್ನ ಮೊಪೆಡ್ ಬಿಟ್ಟರೆ ಬೇರೇನೂ ಇರಲಿಲ್ಲ.

“ಇಂಜಿನಿಯರ್ ಎಲ್ಲಿ ಅದಾರವಾ?” ಎಂದು ಕೇಳಿದರು.

ಈ ಪ್ರಶ್ನೆ ನನಗೆ ಹೊಸದೇನಲ್ಲ. ಆ ಕಾಲಕ್ಕೆ ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಆಫೀಸು ಅನ್ನದೆ ತಿರುಗಿ ನೆಟ್‌ವರ್ಕ್ ಕೆಲಸ ಮಾಡುವ ಹೆಣ್ಣುಮಗಳು ಇನ್ನೊಬ್ಬಳು ನನಗೇ ಸಿಕ್ಕಿರಲಿಲ್ಲ. ಕೆಲವರು ನನ್ನನ್ನು ಇಂಜಿನಿಯರರ ಹೆಂಡತಿ ಅಂದುಕೊಳ್ಳುತ್ತಿದ್ದರು, ಕೆಲವರು ಹಪ್ಪಳ ಮಾರಲು ಬಂದವಳು ಅಂದುಕೊಂಡು ಬೇಡವೆಂದು ಕೈ ಆಡಿಸುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಸುಲಭದ ಉಪಾಯ ಕಂಡುಕೊಂಡೆ. ಅವರು ಯೋಚನೆ ಮಾಡಿ ಮುಗಿಸುವ ಮೊದಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿಬಿಡುವುದು.

“ನಾನ ರೀ ಇಂಜಿನಿಯರ್,” ಎಂದು ಒಳಗೆ ಹೋದೆ. ಅಜ್ಜ ಇನ್ನೊಮ್ಮೆ ರಸ್ತೆಯ ಕಡೆ ನೋಡಿಯೇ ಬಾಗಿಲು ಮುಂದೆ ಮಾಡಿದರು.

ಮನೆ ಇದ್ದದ್ದು ಧಾರವಾಡದ ಕೆಲಗೇರಿಯಲ್ಲಿ, ಕೆರೆಗೆ ಹತ್ತಿರ. ನಾನು ಬಂದದ್ದು ಹುಬ್ಬಳ್ಳಿಯ ಗೋಪನಕೊಪ್ಪದಿಂದ. ಕಳಿಸಿದವರು ಹುಬ್ಬಳ್ಳಿಯ ಒಂದು ಕಂಪನಿಯ ಮ್ಯಾನೇಜರ್. ಅಮೆರಿಕದ ಡಾಕ್ಟರುಗಳು ರೋಗಿಗಳನ್ನು ನೋಡಿ ಬಾಯಲ್ಲಿ ಹೇಳಿದ ವರದಿಗಳು ಧ್ವನಿ ಫೈಲುಗಳಾಗಿ ಆ ಕಂಪನಿಗೆ ಬರುತ್ತಿದ್ದವು. ಇಲ್ಲಿಯ ಹುಡುಗಿಯರು ಅವನ್ನು ಕೇಳಿ ಟೈಪ್ ಮಾಡುತ್ತಿದ್ದರು. ಟೈಪಾದದ್ದನ್ನು ಮತ್ತೆ ಕೇಳಿ ತಿದ್ದುವ ಕೆಲಸ ಈ ಮನೆಯ ಸೊಸೆಯದು. ಕಂಪನಿಯಲ್ಲಿ ಅವರನ್ನು ಎಲ್ಲರೂ ‘ಅಕ್ಕಾರು’ ಎನ್ನುತ್ತಿದ್ದರು. ಯಾವ ಡಾಕ್ಟರು ಬಾಯಲ್ಲಿ ಏನು ಅಗಿಯುತ್ತ ಮಾತಾಡಿದರೂ ಅಕ್ಕಾರಿಗೆ ತಿಳಿಯುತ್ತದೆ ಎಂಬ ಖ್ಯಾತಿ ಅವರಿಗಿತ್ತು.

ಅವರು ಮನೆಯಲ್ಲಿರಲು ಕಾರಣ ಅವರ ಬೆನ್ನು. ವರ್ಷಗಟ್ಟಲೆ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿ ಬೆನ್ನಿನ ಡಿಸ್ಕ್ ಸರಿದಿತ್ತು. ಆಗಿನ ಆ ರಸ್ತೆಯಲ್ಲಿ ದಿನಾ ಓಡಾಡಿಯೂ ಬೆನ್ನು ನೆಟ್ಟಗಿದ್ದವರನ್ನು ಕಂಡರೇ ನನಗೆ ಆಶ್ಚರ್ಯ. ಬಸ್ಸು ಹತ್ತಬಾರದು, ಬಹಳ ಹೊತ್ತು ಕೂಡಲೂಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಒಳ್ಳೆಯ ಕೆಲಸಗಾರ್ತಿಯನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಕಂಪನಿ ಒಂದು ಪ್ರಯೋಗಕ್ಕೆ ಒಪ್ಪಿತ್ತು, ಮನೆಯಿಂದಲೇ ಕೆಲಸ ಮಾಡಲಿ ಎಂದು. ರೋಗಿಗಳ ವಿಷಯ ಮೂರನೆಯವರ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ ಮನೆಯ ಕಂಪ್ಯೂಟರಿನಿಂದ ಆಫೀಸಿನ ಸರ್ವರ್‌ವರೆಗೆ ಇಂಟರ್‌ನೆಟ್ಟಿನ ಒಳಗೇ ಒಂದು ಮುಚ್ಚಿದ ದಾರಿ. ವಿಪಿಎನ್ ಎಂದು ಅದರ ಹೆಸರು, ನಾವು ಟನಲ್ ಎನ್ನುತ್ತಿದ್ದೆವು. ಅದನ್ನು ಜೋಡಿಸಿದ್ದವನು ಪುಣೆಯಲ್ಲಿ ಬೇರೆ ನೌಕರಿ ಹಿಡಿದು ಹೋಗಿದ್ದ. ಏನು ಮಾಡಿದ್ದೇನೆ, ಹೇಗೆ ಮಾಡಿದ್ದೇನೆ ಎಂದು ಯಾರಿಗೂ ಹೇಳಿ ಹೋಗಿರಲಿಲ್ಲ.

ಮಳೆಗಾಲವಿಡೀ ತಕರಾರಿಲ್ಲದೆ ನಡೆದ ಆ ಟನಲ್ ದಸರೆಯ ರಜೆ ಮುಗಿದ ಮೇಲೆ ನಡೆಯಲಿಲ್ಲ. ಎರಡು ದಿನ ತಿದ್ದುವ ಕೆಲಸ ನಿಂತಿತು. ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು. ಸೋಮವಾರ ಬೆಳಿಗ್ಗೆಯೊಳಗೆ ಸರಿಯಾಗದಿದ್ದರೆ ಅಕ್ಕಾರ ಜಾಗಕ್ಕೆ ಬೇರೆಯವರು, ಮನೆಯಿಂದ ಕೆಲಸ ಎಂಬ ಪ್ರಯೋಗ ಅಲ್ಲಿಗೇ ಬಂದ್. ಅದೇ ಕಂಪನಿಯಲ್ಲಿ ಸಣ್ಣ ಕೂಸುಗಳ ತಾಯಂದಿರು ಕೆಲವರು ಈ ಪ್ರಯೋಗ ಯಶಸ್ವಿಯಾಗಲಿ ಎಂದು ಕಾಯುತ್ತಿದ್ದುದು ನನಗೆ ಗೊತ್ತಿತ್ತು. ಆಗಲೇಬೇಕು, ಆಗುತ್ತದೆ ಎಂದುಕೊಂಡು ಮೊಪೆಡ್ ಹತ್ತಿದ್ದೆ.

ಅಕ್ಕಾರು ನಿಂತೇ ಕೆಲಸ ಮಾಡುತ್ತಿದ್ದರು. ಹೊಲಿಗೆ ಯಂತ್ರದ ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕಂಪ್ಯೂಟರ್. ಎಲ್ಲವನ್ನೂ ಅವರ ಎತ್ತರಕ್ಕೆ ಸರಿಯಾಗಿ ಅಜ್ಜ ಜೋಡಿಸಿಕೊಟ್ಟಿದ್ದರಂತೆ. ಅಜ್ಜ ಅವರ ಮಾವ. ಮೊದಲು ಅರಳೆ ವ್ಯಾಪಾರ ಮಾಡಿದವರು, ಈಗ ಅಂಗಡಿ ಬಿಟ್ಟು ಮನೆಯಲ್ಲಿದ್ದರು. ಪಕ್ಕದ ಗೋಡೆಯ ಗೂಡಿನಲ್ಲಿ ರೌಟರ್ ಕೂತಿತ್ತು. ಅದರ ಹಣೆಗೆ, ಅಂದರೆ ದೀಪಗಳ ಮೇಲಿನ ಖಾಲಿ ಜಾಗಕ್ಕೆ, ಮೂರು ಬೆರಳಿನ ವಿಭೂತಿ. ಬದಿಗೆ ಒಣಗಿದ ಸೇವಂತಿಗೆ ಹೂವು. ನನಗೆ ಖುಷಿಯಾಯಿತು. ನಾನೂ ನನ್ನ ಕೇಬಲ್ ಕಟ್ಟುವ ಇಕ್ಕಳಕ್ಕೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿದವಳೇ.

ಕೆಲಸಕ್ಕೆ ಕೂತೆ. ಇಂಟರ್‌ನೆಟ್ ಇತ್ತು, ಸುದ್ದಿಯ ಪುಟಗಳು ಚೆನ್ನಾಗಿ ತೆರೆಯುತ್ತಿದ್ದವು. ಟನಲ್ ಕೂಡ ‘ಕನೆಕ್ಟೆಡ್’ ಎಂದೇ ತೋರಿಸುತ್ತಿತ್ತು. ಆದರೆ ಆಫೀಸಿನ ಸರ್ವರ್ ಮಾತ್ರ ಮುಖ ತೋರಿಸುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವುದು ಪಿಂಗ್. ಒಂದು ನಂಬರಿಗೆ ಸಣ್ಣ ಸಂದೇಶ ಕಳಿಸಿ ‘ಇದ್ದೀರಾ?’ ಎಂದು ಕೇಳುವುದು. ಅತ್ತಲಿಂದ ‘ಇದ್ದೇನೆ’ ಎಂದು ಉತ್ತರ ಬಂದರೆ ಅಲ್ಲಿಯವರೆಗೆ ದಾರಿ ಸರಿಯಿದೆ ಎಂದರ್ಥ. ಆಫೀಸಿನ ಒಳಬಾಗಿಲು ಕಾಯುವ ಪೆಟ್ಟಿಗೆಯ ನಂಬರಿಗೆ ಮೊದಲು ಕೇಳಿದೆ. ಟಕ್ಕನೆ ಉತ್ತರ ಬಂತು. ಸರ್ವರ್ ನಂಬರಿಗೆ ಕೇಳಿದೆ. ಉತ್ತರವಿಲ್ಲ.

ಅಲ್ಲಿಗೆ ನನ್ನ ಲೆಕ್ಕ ಸರಳವಾಯಿತು. ಟನಲ್ ಆಫೀಸಿನ ಬಾಗಿಲವರೆಗೆ ಮುಟ್ಟುತ್ತಿದೆ, ಒಳಗಿನ ಸರ್ವರ್ ಬಾಗಿಲು ತೆಗೆಯುತ್ತಿಲ್ಲ. ಹಾಗಾದರೆ ದೋಷ ಹುಬ್ಬಳ್ಳಿಯಲ್ಲಿ. ಅಕ್ಕಾರನ್ನು ಕೇಳಿದೆ, ಹಬ್ಬದಲ್ಲಿ ಇಲ್ಲಿ ಏನಾದರೂ ಬದಲಾಯಿತೇ, ಯಾರಾದರೂ ಮುಟ್ಟಿದರೇ ಎಂದು. ಯಾರೂ ಮುಟ್ಟಿಲ್ಲ ಎಂದರು. ಅಜ್ಜ ಕೂಡ ಯಾರೂ ಮುಟ್ಟಿಲ್ಲ ಎಂದರು. ನಂಬಿ ಹುಬ್ಬಳ್ಳಿಗೆ ತಿರುಗಿದೆ.

ಆಫೀಸಿನಲ್ಲಿ ಸರ್ವರ್ ಎಲ್ಲರಿಗೂ ಚೆನ್ನಾಗಿ ಉತ್ತರ ಕೊಡುತ್ತಿತ್ತು. ಅದರ ಕಾವಲು ಸಾಫ್ಟ್‌ವೇರ್ ನೋಡಿದೆ, ಕೇಬಲ್ ಬದಲಿಸಿದೆ, ಬೇರೆ ತೂತಿಗೆ ಹಾಕಿದೆ. ಏನೂ ಸಿಗಲಿಲ್ಲ. ಸರ್ವರ್ ಛಲೋ ಐತಿ, ಸುಮ್ಮನೆ ಅದನ್ನು ಮುಟ್ಟಬೇಡಿ ಎಂದು ಮ್ಯಾನೇಜರ್ ಬಂದು ಹೇಳಿದರು. ಟೆಲಿಫೋನ್ ಆಫೀಸಿಗೆ ಕೇಳಿದರೆ, ನಮ್ಮ ಲೈನು ಸರಿಯಿದೆ, ನಿಮ್ಮ ಟನಲ್ ನೋಡಿಕೊಳ್ಳಿ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಸಂಜೆಯಾಗುತ್ತ ಬಂತು.

ಬೇರೆ ಏನೂ ತೋಚದೆ, ಆ ಒಳಬಾಗಿಲ ಪೆಟ್ಟಿಗೆಗೆ ಆಫೀಸಿನಲ್ಲೇ ಕೂತು ಒಮ್ಮೆ ಪಿಂಗ್ ಮಾಡಿದೆ. ಟಕ್ಕನೆ ಉತ್ತರ. ಪೆಟ್ಟಿಗೆ ನನ್ನಿಂದ ಎರಡು ಮಾರು ದೂರದಲ್ಲಿತ್ತು, ಬೇಗ ಬರಲೇಬೇಕು. ಆದರೆ ಬೆಳಿಗ್ಗೆ ಕೆಲಗೇರಿಯಲ್ಲಿ ಕೂತು ಕೇಳಿದಾಗಲೂ ಉತ್ತರ ಇಷ್ಟೇ ಬೇಗ ಬಂದಿತ್ತಲ್ಲ? ಆಗಿನ ಬ್ರಾಡ್‌ಬ್ಯಾಂಡಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರುವ ಮಾತಿಗೆ ಸ್ವಲ್ಪವಾದರೂ ತಡವಾಗಲೇಬೇಕು. ತಡವಾಗಲಿಲ್ಲ ಎಂದರೆ ಆ ಮಾತು ಹುಬ್ಬಳ್ಳಿಗೆ ಹೋಗಿಯೇ ಇರಲಿಲ್ಲ. ‘ಇದ್ದೇನೆ’ ಎಂದು ಉತ್ತರ ಕೊಟ್ಟದ್ದು ಗೋಡೆಯ ಗೂಡಿನಲ್ಲಿ ವಿಭೂತಿ ಹಚ್ಚಿಕೊಂಡು ಕೂತ ಆ ರೌಟರೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ ಎಂದು ನನಗೇ ನಗು ಬಂತು. ಮ್ಯಾನೇಜರ್ ಗಾಜಿನ ಆಚೆಯಿಂದ ನನ್ನ ನಗು ನೋಡಿ ಗಾಬರಿಯಾದಂತೆ ಕಂಡರು.

ಶನಿವಾರ ಬೆಳಿಗ್ಗೆ ಮತ್ತೆ ಕೆಲಗೇರಿ. ರೌಟರಿನ ಒಳಹೊಕ್ಕು ನೋಡಿದೆ. ನನ್ನ ಊಹೆ ಸರಿಯಿತ್ತು. ಆ ಮನೆಯ ಯಂತ್ರಗಳ ನಂಬರುಗಳು 192.168.1 ಎಂದು ಶುರುವಾಗುತ್ತಿದ್ದವು. ಆಫೀಸಿನವೂ ಅವೇ. ಬಹಳಷ್ಟು ರೌಟರುಗಳು ಕಾರ್ಖಾನೆಯಿಂದ ಅದೇ ನಂಬರು ಹೊತ್ತುಕೊಂಡು ಬರುತ್ತವೆ, ಬಹಳಷ್ಟು ಆಫೀಸಿನವರು ಅದನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ.

ಅಜ್ಜ ಏನು ಸಿಕ್ಕಿತೆಂದು ಕೇಳಿದರು. ಎರಡು ಊರಿನಲ್ಲಿ ಒಂದೇ ಹೆಸರಿನ ಓಣಿ, ಮನೆಗಳ ನಂಬರೂ ಒಂದೇ, ಹೀಗಾಗಿ ಹುಬ್ಬಳ್ಳಿಗೆ ಬರೆದ ಕಾಗದವನ್ನು ಅಂಚೆಯವನು ಇಲ್ಲೇ ಪಕ್ಕದ ಮನೆಗೆ ಕೊಟ್ಟು ಹೋಗುತ್ತಿದ್ದಾನೆ ಎಂದೆ. ಅಜ್ಜ ತಲೆದೂಗಿದರು. ನಾನು ಮನೆಯ ಕಡೆಯ ನಂಬರು ಬದಲಿಸಿ ಟನಲ್ ಹಚ್ಚಿದೆ. ಸರ್ವರ್ ಉತ್ತರ ಕೊಟ್ಟಿತು, ಸ್ವಲ್ಪ ತಡವಾಗಿ, ಹುಬ್ಬಳ್ಳಿಯಿಂದ ಬಂದವರ ಹಾಗೆಯೇ. ಫೈಲುಗಳ ಹೆಸರುಗಳು ಪರದೆ ತುಂಬ ಬಂದವು. ಅಕ್ಕಾರು ಕಿವಿಗೆ ಹೆಡ್‌ಫೋನ್ ಏರಿಸಿದರು, ಅಜ್ಜ ಮಂಡಕ್ಕಿ ಗಿರ್ಮಿಟ್ ಕಲಸಲು ಒಳಗೆ ಹೋದರು. ನಾನು ಚೀಲ ಕಟ್ಟತೊಡಗಿದೆ.

ಗಿರ್ಮಿಟ್ ಬರುವಷ್ಟರಲ್ಲಿ ಅಕ್ಕಾರು ಹೆಡ್‌ಫೋನ್ ತೆಗೆದಿಟ್ಟಿದ್ದರು. ಹೆಸರುಗಳು ಬರುತ್ತಿದ್ದವು, ಧ್ವನಿ ಬರುತ್ತಿರಲಿಲ್ಲ. ಫೈಲು ಇಳಿಯಲು ಶುರುವಾಗಿ ಅಲ್ಲೇ ನಿಲ್ಲುತ್ತಿತ್ತು. ಬೇರೆ ಫೈಲೂ ಹಾಗೆಯೇ. ನಿನ್ನೆಯಾಗಿದ್ದರೆ ನನಗೆ ಚಿಂತೆಯಾಗುತ್ತಿತ್ತೇನೋ, ಈಗ ಆಗಲಿಲ್ಲ. ಸಣ್ಣದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ ಎಂದರೆ ಅದು ನನಗೆ ಗುರುತಿನ ರೋಗ. ಪಿಂಗ್ ಸಂದೇಶದ ಗಾತ್ರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದೆ. ಒಂದು ಗಾತ್ರದವರೆಗೆ ಉತ್ತರ ಬಂತು, ಆಮೇಲೆ ಪೂರಾ ಮೌನ. ಇಂಟರ್‌ನೆಟ್ಟಿನಲ್ಲಿ ಫೈಲು ಪೊಟ್ಟಣ ಪೊಟ್ಟಣವಾಗಿ ಸಾಗುತ್ತದೆ. ಟನಲ್ ಪ್ರತಿ ಪೊಟ್ಟಣಕ್ಕೂ ತನ್ನದೊಂದು ಹೊದಿಕೆ ಸುತ್ತುತ್ತದೆ. ಹೊದಿಕೆ ಸೇರಿ ಪೊಟ್ಟಣ ದೊಡ್ಡದಾದರೆ ಟೆಲಿಫೋನ್ ತಂತಿಯ ದಾರಿಯಲ್ಲಿ ಅದು ಹಿಡಿಸುವುದಿಲ್ಲ.

“ಅಂಡಗಿ ದೊಡ್ಡದು, ಬಾಗಲಾ ಸಣ್ಣದು,” ಎಂದರು ಅಜ್ಜ. ಅರಳೆಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಗಿರಣಿಯ ಬಾಗಿಲಲ್ಲಿ ತೂರಿಸಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿರಲಿಲ್ಲ. ರೌಟರಿನಲ್ಲಿ ಪೊಟ್ಟಣದ ಗಾತ್ರ ಕಡಿಮೆ ಮಾಡಿದೆ. ಫೈಲು ಸರಾಗವಾಗಿ ಇಳಿಯಿತು. ಅಕ್ಕಾರ ಕಿವಿಯಲ್ಲಿ ಯಾವುದೋ ದೂರದ ಡಾಕ್ಟರು ಗೊಣಗತೊಡಗಿದರು, ಅಕ್ಕಾರು ನಗುತ್ತ ಕೀಲಿಮಣೆಗೆ ಕೈ ಹಾಕಿದರು.

ಅಲ್ಲಿಗೆ ಚೀಲ ಹೆಗಲಿಗೇರಿಸಿ ಹೊರಡಬಹುದಿತ್ತು. ಆದರೆ ಕಾರಣ ಗೊತ್ತಿಲ್ಲದೆ ಗುಣವಾದ ಕಾಯಿಲೆಯನ್ನು ನಾನು ನಂಬುವುದಿಲ್ಲ. ಮಳೆಗಾಲವೆಲ್ಲ ಸರಿಯಿದ್ದ ರೌಟರಿನ ನಂಬರೂ ಗಾತ್ರವೂ ಒಟ್ಟಿಗೇ ಹೇಗೆ ಬದಲಾದವು? ಪುಣೆಗೆ ಹೋದವನು ಆಗ ಇವೆರಡನ್ನೂ ಸರಿಯಾಗಿಯೇ ಹಾಕಿದ್ದಿರಬೇಕು. ಯಾರೋ ಈ ರೌಟರನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಿರುಗಿಸಿದ್ದಾರೆ. ಹಾಗೆ ತಿರುಗಿಸಲು ಹಿಂಬದಿಯ ಸಣ್ಣ ತೂತಿನೊಳಗೆ ಚೂಪಾದದ್ದೇನಾದರೂ ತೂರಿಸಿ ಒತ್ತಿ ಹಿಡಿಯಬೇಕು, ಅದೂ ಯಂತ್ರ ಚಾಲೂ ಇರುವಾಗ. ರೌಟರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಹಳೆಯ ಯಂತ್ರ, ಸಂದಿಗೊಂದಿಯಲ್ಲೆಲ್ಲ ಧೂಳು ಇರಬೇಕು. ಆದರೆ ತೂತು ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಈಚೆಗೆ ತಿರುಗಿಸಿದರೆ ವಿಭೂತಿ.

“ಖಂಡೇಪೂಜಿ ದಿನ ಇದನ್ನೂ ಪೂಜಿಗೆ ಇಟ್ಟಿದ್ರೇನ್ರಿ ಅಜ್ಜಾರ?” ಎಂದು ಕೇಳಿದೆ.

“ಇಡದ ಬಿಡ್ತೇವೇನು? ಸೊಸಿ ಅನ್ನ ಗಳಸೋ ಯಂತ್ರ ಅದು,” ಎಂದರು.

ಆಮೇಲೆ ಅಜ್ಜ ಬಹಳ ಉತ್ಸಾಹದಿಂದ ಎಲ್ಲ ಹೇಳಿದರು. ಅಂಗಡಿಯ ಕಾಲದಿಂದಲೂ ಖಂಡೇಪೂಜೆಯ ಹಿಂದಿನ ದಿನ ತಕ್ಕಡಿ, ಕಲ್ಲು, ಕೊಂಡಿ ಎಲ್ಲವನ್ನೂ ಅವರೇ ಕೈಯಾರೆ ತಿಕ್ಕುತ್ತಿದ್ದರು. ತಕ್ಕಡಿಯ ಸಣ್ಣ ತೂತುಗಳಲ್ಲಿ ಕೂತ ಅರಳೆ ಧೂಳನ್ನು ಗೋಣಿಚೀಲ ಹೊಲಿಯುವ ದಬ್ಬಣದ ತುದಿಯಿಂದ ತೆಗೆಯುತ್ತಿದ್ದರು. ಅಂಗಡಿ ಹೋದರೂ ದಬ್ಬಣ ಉಳಿದಿತ್ತು. ಈ ಸಲ ಮನೆಯಲ್ಲಿ ದುಡಿಯುವ ಯಂತ್ರ ಎಂದರೆ ಇದೇ. ಅರಿವೆಯಿಂದ ಒರೆಸಿದರು. ಹಿಂದೆ ಒಂದು ತೂತು ಕಂಡಿತು, ಒಳಗೆ ಧೂಳಿತ್ತು. ದಬ್ಬಣ ಹಾಕಿ ನಿಧಾನವಾಗಿ ತಿರುವಿ ತಿರುವಿ ತೆಗೆದರು.

“ಆವಾಗ ಬಂದ್ ಮಾಡಿದ್ರೇನ್ರಿ ಇದನ್ನ?”

“ಹಬ್ಬದಾಗ ಉರಿಯೋ ದೀಪಾ ಆರಸ್ತಾರೇನವಾ? ಹಸಿರು ದೀಪಾ ಉರಿಯಾಕತ್ತಿದ್ದವು. ಹಂಗ ಇಟ್ಟು ಸ್ವಚ್ಛ ಮಾಡಿದೆ.”

ಸ್ವಚ್ಛ ಮಾಡಿದ ಮೇಲೆ ಒಂದು ದೀಪ ಕೆಂಪಾಗಿದ್ದನ್ನೂ ಅವರು ಗಮನಿಸಿದ್ದರು. ಹಬ್ಬದ ರಜೆ, ಸೊಸೆ ಕಂಪ್ಯೂಟರ್ ಹಚ್ಚಿರಲಿಲ್ಲ. ವಿಜಯದಶಮಿಯ ಸಂಜೆ ಸೊಸೆ ಓಣಿಯವರಿಗೆ ಬನ್ನಿ ಎಲೆ ಕೊಡಲು ಹೋದಾಗ, ಮನೆಗೆ ಬನ್ನಿ ತಂದವರಲ್ಲಿ ಟೆಲಿಫೋನ್ ಆಫೀಸಿನ ಪರಿಚಯದವನೊಬ್ಬ ಇದ್ದ. ಬನ್ನಿ ಕೊಟ್ಟು, ಬಂಗಾರದಂಗ ಇರೂಣ ಎಂದು ಕಾಲಿಗೆ ನಮಸ್ಕಾರ ಮಾಡಿ ಎದ್ದವನಿಗೆ ಅಜ್ಜ ಆ ಕೆಂಪು ದೀಪ ತೋರಿಸಿದರು. ಅವನು ಬಳಕೆದಾರರ ಹೆಸರು, ಪಾಸ್‌ವರ್ಡ್ ತುಂಬಿ ಇಂಟರ್‌ನೆಟ್ ಹಚ್ಚಿಕೊಟ್ಟು, ಫರಾಳ ತಿಂದು ಹೋದ. ಮಿಕ್ಕಿದ್ದೆಲ್ಲ ಕಾರ್ಖಾನೆಯದೇ ಉಳಿಯಿತು. ಅಜ್ಜನ ಲೆಕ್ಕದಲ್ಲಿ ಇದರಲ್ಲಿ ‘ಮುಟ್ಟಿದ್ದು’ ಎಂಬುದೇನೂ ಇರಲಿಲ್ಲ. ಪೂಜೆ ಮಾಡಿದ್ದನ್ನು ಮುಟ್ಟಿದೆ ಎಂದು ಯಾರಾದರೂ ಹೇಳುತ್ತಾರೆಯೇ? ನನ್ನ ಇಕ್ಕಳದ ವಿಷಯಕ್ಕೆ ಕೇಳಿದ್ದರೆ ನಾನೂ ಹೇಳುತ್ತಿರಲಿಲ್ಲ.

ಅಕ್ಕಾರು ಹೆಡ್‌ಫೋನ್ ತೆಗೆದು ನಿಂತಿದ್ದರು. ಅಜ್ಜ ನನ್ನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ನಾನು ವಿವರಿಸುವ ಮೊದಲೇ ಅವರಿಗೆ ತಿಳಿಯಿತು.

“ಹಂಗಾರ ನನ್ನ ಕೈಯಿಂದನ ಆತು,” ಎಂದರು. “ಇನ್ನ ಮ್ಯಾಲೆ ಆ ಗೂಡಿನ ಕಡೆ ನಾ ಬರಂಗಿಲ್ಲವಾ.”

ಮಾವಾರ, ಹಂಗನಬ್ಯಾಡ್ರಿ ಎಂದು ಅಕ್ಕಾರು ಎರಡು ಸಲ ಹೇಳಿದರು. ಅಜ್ಜ ದಬ್ಬಣವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಟ್ಟದ ಮೇಲೆ ದೂಡಿ ಹಿತ್ತಲಿಗೆ ಹೋದರು. ನನಗೆ ಬಹಳ ಕೆಟ್ಟದೆನಿಸಿತು. ಆ ಪೆಟ್ಟಿಗೆ, ಹಲಗೆ, ಎತ್ತರ ಎಲ್ಲ ಹೊಂದಿಸಿಕೊಟ್ಟ ಕೈ ಅದೇ ಅಲ್ಲವೇ.

ಅಷ್ಟರಲ್ಲಿ ಮ್ಯಾನೇಜರ್ ಫೋನು ಬಂತು. ಸರಿಯಾಯಿತು ಎಂದೆ. ಏನಾಗಿತ್ತು ಎಂದು ಕೇಳಿದರು. ನನ್ನ ಕೆಲಸದಲ್ಲಿ ಕಾರಣವನ್ನು ಮುಚ್ಚಿಡುವ ಪದ್ಧತಿ ನಾನು ಇಟ್ಟುಕೊಂಡಿಲ್ಲ, ಇದ್ದದ್ದನ್ನು ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

“ಮನಿ ಅಂದ್ರ ಹಿಂಗ ನೋಡ್ರಿ,” ಎಂದರು. “ಇವತ್ತು ದಬ್ಬಣ, ನಾಳೆ ಮತ್ತೊಂದು. ಸೋಮವಾರದಿಂದ ಇದು ಬ್ಯಾಡ.”

ಸರಿಯಾದ ಟನಲ್ಲನ್ನೂ ಮುಚ್ಚುವ ಮಾತು. ಅಕ್ಕಾರಿಗೆ ನನ್ನ ಮುಖದಿಂದಲೇ ಗೊತ್ತಾಗಿರಬೇಕು, ಪರದೆಯ ಕಡೆ ತಿರುಗಿ ಮತ್ತೆ ಟೈಪ್ ಮಾಡತೊಡಗಿದರು. ಸೋಮವಾರದವರೆಗಾದರೂ ಕೆಲಸ ಬಾಕಿ ಇರಬಾರದು ಎನ್ನುವ ಹಾಗಿತ್ತು ಆ ಟೈಪ್ ಮಾಡುವ ವೇಗ. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ತಲೆ ಚುರುಕಾಗುತ್ತದೆ, ಇದು ನನ್ನ ಸ್ವಭಾವ.

ಹುಬ್ಬಳ್ಳಿಗೆ ತಿರುಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಮ್ಯಾನೇಜರ್ ಹೇಳಿದ್ದರಲ್ಲಿ ಅರ್ಧ ಖರೇ. ಮನೆ ಎಂದರೆ ಹಾಗೇ. ಧೂಳು ಹೊಡೆಯುತ್ತಾರೆ, ಜಾಗ ಬದಲಿಸುತ್ತಾರೆ, ಪೂಜೆ ಮಾಡುತ್ತಾರೆ, ಮಕ್ಕಳು ಗುಂಡಿ ಒತ್ತುತ್ತಾರೆ. ಮನೆ ಇರುವುದೇ ಅದಕ್ಕೆ. ಹಾಗಿದ್ದರೆ ಮನೆಯಲ್ಲಿ ಏನೇ ಆದರೂ ಕೆಲಸ ಕೆಡದ ಹಾಗೆ ಆಫೀಸು ಇರಬೇಕು. ತಪ್ಪು ದಬ್ಬಣದ್ದಲ್ಲ. ಎಲ್ಲ ಮನೆಗಳ ರೌಟರುಗಳೂ ಹುಟ್ಟುವಾಗಲೇ ಹೊತ್ತು ತರುವ ನಂಬರನ್ನು ಆಫೀಸೂ ಇಟ್ಟುಕೊಂಡು ಕೂತದ್ದು ತಪ್ಪು. ಮನೆಯ ಓಣಿಗೆ ಹೆಸರು ಬದಲಿಸುವ ಬದಲು ಆಫೀಸಿನ ಓಣಿಗೇ ಬದಲಿಸಬೇಕು. ಪೊಟ್ಟಣವನ್ನು ಸಣ್ಣದು ಮಾಡುವ ಕೆಲಸವನ್ನೂ ಆಫೀಸಿನ ಬಾಗಿಲಲ್ಲೇ ಮುಗಿಸಬೇಕು. ಆಮೇಲೆ ಯಾರು ಯಾವ ತೂತಿಗೆ ಏನು ಹಾಕಿದರೂ ಹಾಕಲಿ.

ನೆಟ್ಟಗೆ ಮ್ಯಾನೇಜರ್ ಹತ್ತಿರ ಹೋದೆ. ಭಾನುವಾರ ಆಫೀಸಿಗೆ ರಜೆ, ಅವತ್ತು ಎಲ್ಲ ಯಂತ್ರಗಳ ನಂಬರು ಬದಲಿಸುತ್ತೇನೆ ಎಂದೆ. ಒಬ್ಬರ ಸಲುವಾಗಿ ಇಡೀ ಆಫೀಸನ್ನು ಅಲ್ಲಾಡಿಸುವುದೇ ಎಂದು ಅವರು ಹುಬ್ಬೇರಿಸಿದರು.

“ಇದು ಮೂಗಿಗಿಂತ ಮೂಗುತಿ ಭಾರ ಆತ್ರಿ ಮೇಡಮ್.”

ಒಬ್ಬರಲ್ಲ, ನಾಳೆ ಐದು ಮಂದಿ ಮನೆಯಿಂದ ಮಾಡಬೇಕೆಂದರೂ ಇದೇ ತೊಂದರೆ ಬರುತ್ತದೆ, ಅವತ್ತು ಮಾಡುವುದನ್ನು ಇವತ್ತೇ ಮಾಡುತ್ತೇನೆ ಎಂದೆ. ಅವರು ಇನ್ನೂ ತಲೆ ಆಡಿಸುತ್ತಲೇ ಇದ್ದರು. ಕ್ಲಯೆಂಟು, ಗಡುವು, ಸೋಮವಾರ ಎಂದೇನೇನೋ ಹೇಳಿದರು. ಆಗ ನಾನು ಒಂದು ಮಾತು ಹೇಳಿದೆ.

“ಸೋಮವಾರ ಮುಂಜಾನೆ ಆಫೀಸು ಏಳಲಿಲ್ಲ ಅಂದ್ರ ನಾ ಮತ್ತ ನಿಮ್ಮ ಮೆಟ್ಟಲಾ ಹತ್ತಂಗಿಲ್ರಿ. ಎದ್ರ, ಅಕ್ಕಾರ ಮನಿಯಿಂದನ ಕೆಲಸಾ ಮಾಡ್ತಾರ. ಆತಿಲ್ರಿ?”

ಅವರು ಆತು ಎಂದರು. ಕೀಲಿಕೈ ನನ್ನ ಕೈಗೆ ಕೊಡಲಿಲ್ಲ, ತಾವೇ ಬಂದು ಕೂಡುತ್ತೇನೆ ಎಂದರು. ಬರಲಿ, ಒಳ್ಳೆಯದೇ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಮೊದಲು ಒಳಬಾಗಿಲ ಪೆಟ್ಟಿಗೆ, ಆಮೇಲೆ ಸರ್ವರ್, ಆಮೇಲೆ ಸಾಲು ಸಾಲು ಕಂಪ್ಯೂಟರುಗಳು. ಯಾವ ಕಂಪನಿಯ ರೌಟರೂ ಕಾರ್ಖಾನೆಯಿಂದ ತರದ ಒಂದು ನಂಬರನ್ನು ಆರಿಸಿದ್ದೆ. ಕೆಲಸದ ಕ್ರಮ ಸರಿಯಿದ್ದರೆ ಇದು ಕಷ್ಟದ್ದಲ್ಲ, ಬೇಸರದ್ದು ಅಷ್ಟೇ. ಪ್ರತಿ ಯಂತ್ರದ ಮುಂದೆ ಕೂತು, ಬದಲಿಸಿ, ಪಿಂಗ್ ಮಾಡಿ, ಏಳುವುದು. ಮ್ಯಾನೇಜರ್ ಮೊದಲು ಪೇಪರ್ ಓದುತ್ತ ಕೂತಿದ್ದರು. ಆಮೇಲೆ ತಾವೇ ಎದ್ದು ಕುರ್ಚಿಗಳನ್ನು ಸರಿಸಿಕೊಡತೊಡಗಿದರು. ನಡುವೆ ಕರೆಂಟು ಹೋಗಿ ಒಂದು ಗಂಟೆ ಸುಮ್ಮನೆ ಕೂತೆವು.

ಮಧ್ಯಾಹ್ನ ಎಲ್ಲ ಮುಗಿಯಿತು ಅಂದುಕೊಂಡಾಗ ಅಮೆರಿಕದಿಂದ ಫೈಲುಗಳನ್ನು ಇಳಿಸಿಕೊಳ್ಳುವ ಯಂತ್ರ ಕೈಕೊಟ್ಟಿತು. ಫೈಲುಗಳು ಬರುತ್ತಿದ್ದವು, ಸರ್ವರಿಗೆ ಸೇರುತ್ತಿರಲಿಲ್ಲ. ಒಂದರ ಮೇಲೊಂದು ಅಲ್ಲೇ ರಾಶಿ ಬೀಳುತ್ತಿದ್ದವು. ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತರು. ಹಳೆಯ ನಂಬರಿಗೇ ಎಲ್ಲವನ್ನೂ ತಿರುಗಿಸಿಬಿಡೋಣವೇ ಎಂದು ಅವರು ಕೇಳಿದರು. ಬೇಡ ಎಂದೆ. ಈ ಯಂತ್ರಕ್ಕೆ ಸರ್ವರಿನ ವಿಳಾಸವನ್ನು ಯಾರೋ ಎಲ್ಲೋ ಹೇಳಿಕೊಟ್ಟಿರಬೇಕು, ಅದು ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತಿದೆ. ಎಲ್ಲಿ ಹೇಳಿಕೊಟ್ಟಿದ್ದಾರೆ ಎಂಬುದೊಂದೇ ಪ್ರಶ್ನೆ. ಆ ಸಾಫ್ಟ್‌ವೇರಿನ ಒಂದೊಂದೇ ಕಿಟಕಿ ತೆಗೆದು ನೋಡುತ್ತ ಹೋಗಿ, ಯಾರೂ ಹೋಗದ ಒಂದು ಮೂಲೆಯಲ್ಲಿ ಅದನ್ನು ಹಿಡಿದೆ. ಬದಲಿಸಿದೆ. ರಾಶಿ ಬಿದ್ದಿದ್ದ ಫೈಲುಗಳು ಸರಸರನೆ ಸರ್ವರಿಗೆ ಸರಿದವು. ಮ್ಯಾನೇಜರ್ ಉಸಿರು ಬಿಟ್ಟದ್ದು ನನ್ನ ಕಿವಿಗೇ ಕೇಳಿಸಿತು.

ಕೊನೆಗೆ ಒಳಬಾಗಿಲ ಪೆಟ್ಟಿಗೆಯಲ್ಲಿ ಪೊಟ್ಟಣದ ಗಾತ್ರ ಕಟ್ಟಿಹಾಕಿದೆ. ಇನ್ನು ಉಳಿದದ್ದು ಪರೀಕ್ಷೆ. ಕೆಲಗೇರಿಗೆ ಫೋನ್ ಹಚ್ಚಿ, ಮ್ಯಾನೇಜರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿ, ಅಜ್ಜಾರನ್ನು ಕರೆಯಿರಿ ಎಂದೆ. ಮ್ಯಾನೇಜರ್ ನನ್ನನ್ನು ವಿಚಿತ್ರವಾಗಿ ನೋಡಿದರು. ಅಜ್ಜ ಬಂದರು.

“ಅಜ್ಜಾರ, ದಬ್ಬಣ ತಗೊಂಡು ಬರ್ರಿ,” ಎಂದೆ.

“ಯಾಕವಾ?” ಎಂದರು.

“ಅದೇ ತೂತಿನ್ಯಾಗ ಹಾಕಿ ಗಟ್ಟಿ ಒತ್ತಿ ಹಿಡೀರಿ. ಖಂಡೇಪೂಜಿಗೆ ಹಿಡದಂಗ.”

“ಬ್ಯಾಡ ತಂಗಿ,” ಎಂದರು ಅಜ್ಜ. ದನಿ ಸಣ್ಣದಾಗಿತ್ತು. “ಸೊಸಿ ಕೆಲಸಾ ಮತ್ತ ನನ್ನ ಕೈಯಿಂದ ಕೆಡೂದು ಬ್ಯಾಡ.”

“ಕೆಡಂಗಿಲ್ರಿ. ನಾ ಇಲ್ಲೆ ಅದೇನಿ.”

ಅಟ್ಟದಿಂದ ಡಬ್ಬಿ ಇಳಿಸಿದ ಸದ್ದು ಫೋನಿನಲ್ಲಿ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕಾರು ಹೇಳಿದರು, ದೀಪ ಎಲ್ಲ ಆರಿದವು, ಮತ್ತೆ ಹತ್ತಿದವು, ಒಂದು ಕೆಂಪಗಿದೆ ಎಂದು. ನಾನು ಶನಿವಾರ ಆ ರೌಟರಿನಲ್ಲಿ ಮಾಡಿದ್ದೆಲ್ಲ ಅಲ್ಲಿಗೆ ಅಳಿಸಿ ಹೋಗಿತ್ತು. ಹೆಸರು, ಪಾಸ್‌ವರ್ಡ್ ತುಂಬಲು ಹೇಳಿದೆ, ಅಷ್ಟೇ, ಬೇರೇನನ್ನೂ ಮುಟ್ಟಬೇಡಿ ಎಂದೆ. ತುಂಬಿದರು. ಟನಲ್ ಹಚ್ಚಿದರು. ಸರ್ವರ್ ಬಂತು. ಒಂದು ದೊಡ್ಡ ಫೈಲು ತೆಗೆಯಿರಿ ಎಂದೆ. ಮ್ಯಾನೇಜರ್ ಫೋನಿನ ಹತ್ತಿರಕ್ಕೆ ಬಗ್ಗಿದರು.

ಮೊದಲು ಕೇಳಿಸಿದ್ದು ಅಕ್ಕಾರ ದನಿಯಲ್ಲ. ಅವರ ಹೆಡ್‌ಫೋನಿನಿಂದ ಸೋರಿ ಬಂದ ಯಾವುದೋ ಅಮೆರಿಕದ ಡಾಕ್ಟರರ ಗೊಣಗಾಟ. ಅದರ ಹಿಂದೆ ಅಜ್ಜನ ಮಾತು.

“ಮತ್ತೊಮ್ಮೆ ಹಾಕಲ್ಯಾ?”

ಮ್ಯಾನೇಜರ್ ಆವಾಗ ನಕ್ಕರು. ಸೋಮವಾರ ಬೆಳಿಗ್ಗೆ ಆಫೀಸು ಎದ್ದಿತು, ಆಫೀಸಿನ ಪರದೆಯಲ್ಲಿ ಅಕ್ಕಾರ ಹೆಸರಿನ ಮುಂದೆ, ಕೆಲಸ ಶುರುವಾಯಿತು ಎನ್ನುವ ಹಸಿರು ಚುಕ್ಕೆಯೂ ಬಂತು. ಮಾತಿಗೆ ತಕ್ಕ ಮನುಷ್ಯ, ಆಮೇಲೆ ಅವರು ಪ್ರಯೋಗ ಎಂಬ ಶಬ್ದವನ್ನೇ ಬಳಸಲಿಲ್ಲ. ಬೇಸಿಗೆಯ ಹೊತ್ತಿಗೆ ಕಾಯುತ್ತಿದ್ದ ತಾಯಂದಿರಲ್ಲಿ ಕೆಲವರ ಮನೆಗೂ ನಾನು ಟನಲ್ ಹಚ್ಚಿಕೊಟ್ಟೆ. ಯಾರ ರೌಟರನ್ನೂ ತೆರೆದು ನೋಡುವ ಅಗತ್ಯ ಬೀಳಲಿಲ್ಲ.

ಮರುವರ್ಷ ದಸರೆಗೆ ನನಗೊಂದು ಕುತೂಹಲವಿತ್ತು. ಹಬ್ಬ ಮುಗಿದು ಕಂಪನಿ ತೆರೆಯಿತು, ಎರಡು ದಿನ ಕಳೆಯಿತು, ಯಾರೂ ನನಗೆ ಫೋನ್ ಮಾಡಲಿಲ್ಲ. ನಮ್ಮ ಕೆಲಸದಲ್ಲಿ ಫೋನ್ ಬರದಿರುವುದೇ ಶಾಭಾಸ್. ಆದರೂ ಮನಸ್ಸು ತಡೆಯದೆ, ಬನ್ನಿ ಕೊಡುವ ನೆಪ ಮಾಡಿಕೊಂಡು ಕೆಲಗೇರಿಗೆ ಹೋದೆ. ಅಜ್ಜ ಬಾಗಿಲು ತೆಗೆದರು. ಅವರ ಹಿಂದೆ ಗೂಡಿನಲ್ಲಿ ರೌಟರ್ ಕಂಡಿತು. ಹೊಸ ವಿಭೂತಿ, ಹೊಸ ಸೇವಂತಿಗೆ, ಬದಿಯಲ್ಲಿ ದಬ್ಬಣಕ್ಕೂ ಕುಂಕುಮ.

ಅಜ್ಜ ಈ ಸಲ ನನ್ನ ಹಿಂದೆ ನೋಡಲಿಲ್ಲ. ಒಳಗೆ ತಿರುಗಿ ಹೇಳಿದರು.

“ಇಂಜಿನಿಯರ್ ಬಂದಾರ, ಚಹಾ ಇಡ್ರಿ.”